ಹಳೇ ಬಸ್ಸು, ಹೊಸ ಮನೆ: ನೀವು ಕೇಳಿದ್ರಿ, ನಾವು ಹೇಳ್ತೀವಿ

ಪ್ರಶ್ನೆ: ನಾನು ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ನಮ್ಮನೆಯವ್ರೂ ಹೋದ ವರ್ಷ ರಿಟೈರ್ ಆದ್ರು, ಮಕ್ಕಳು ಅವರವರ ದಾರಿ ನೋಡ್ಕೊಂಡಿದಾರೆ. ನಮ್ಮ ಷಡ್ಡಕ ಒಬ್ರು ಸಾರಿಗೆ ಸಂಸ್ಥೆ ಹಳೇ ಬಸ್ಸು ಹರಾಜಲ್ಲಿ ಅಗ್ಗಕ್ಕೆ ಸಿಗುತ್ತೆ, ತಗೊಂಡು ಒಳಗೆ ಮನೆ ಮಾಡ್ಕೊಂಡು ದೇಶ ಸುತ್ತಿ ಅಂತಿದಾರೆ. ತಗೋಬಹುದಾ?
— ಮೇಷ್ಟ್ರು, ತಿಪಟೂರು

ಉತ್ತರ: ಮೇಷ್ಟ್ರೇ, ಷಡ್ಡಕನ ಮಾತು ಕೇಳ್ಬೇಡಿ. ಸರ್ಕಾರದ್ದು, ಸಾರಿಗೆ ನಿಗಮದ್ದು ಯಾವ್ದೇ ಗಾಡಿ ಇರ್ಲಿ, 15 ವರ್ಷ ದಾಟಿದ್ರೆ ಅದರ ರಿಜಿಸ್ಟ್ರೇಷನ್ ಮುಗೀತು, ರಿನ್ಯೂ ಆಗಲ್ಲ, ಗುಜರಿ ಕೇಂದ್ರಕ್ಕೇ ಹೋಗ್ಬೇಕು ಅಂತ 2023ರ ಏಪ್ರಿಲ್ 1ರಿಂದ ಕಾನೂನು ಬಂದಿದೆ. ಅಂದ್ರೆ ನಿಮಗೆ ಹೇಗೋ ಬಸ್ಸಿನ ಬಾಡಿ ಸಿಕ್ತು ಅಂತಾನೇ ಇಟ್ಕೊಳ್ಳಿ, ಆರ್‌ಸಿ ಸಿಗಲ್ಲ, ಆರ್‌ಸಿ ಇಲ್ಲದ ಬಸ್ಸು ನಿಮ್ಮ ತೆಂಗಿನ ತೋಟದಲ್ಲಿ ನಿಲ್ಲೋಕೆ ಚೆನ್ನಾಗಿರುತ್ತೆ ಅಷ್ಟೇ. ಮುನ್ನಾರ್ ಡಿಪೋದಲ್ಲಿ 2020ರಲ್ಲಿ ಕೇರಳದವ್ರು ಹಳೇ ಬಸ್ಸಲ್ಲಿ ಮಂಚ ಹಾಕಿ 100 ರೂಪಾಯಿಗೆ ಮಲಗೋಕೆ ಕೊಟ್ರಲ್ಲ, ನಮ್ಮೋರು ಮೆಜೆಸ್ಟಿಕ್‌ನಲ್ಲಿ ಹಳೇ ಬಸ್ಸನ್ನ ಹೆಂಗಸ್ರ ಶೌಚಾಲಯ ಮಾಡಿದ್ರಲ್ಲ, ಅವೆಲ್ಲ ನಿಂತಲ್ಲೇ ನಿಂತ ಬಸ್ಸುಗಳು. ಸುತ್ತಬೇಕು ಅನ್ನೋರಿಗೆ ಅದು ದಾರಿ ಅಲ್ಲ.

ಅಲ್ದೆ ಅಷ್ಟುದ್ದ ಬಸ್ಸನ್ನ ಓಡ್ಸೋಕೆ ಹೆವಿ ಲೈಸೆನ್ಸ್ ಬೇಕು, ಚಾರ್ಮಾಡಿ ತಿರುವಲ್ಲಿ ಎದುರಿಗೆ ಲಾರಿ ಬಂದಾಗ ನಿಮಗೂ ಬೇಡ ಅನ್ಸುತ್ತೆ. ಖಾಸಗಿಯೋರ ಹತ್ರ ಓಡ್ತಾ ಇರೋ, ಟೂರಿಸ್ಟ್ ಕೆಲಸದಿಂದ ಬಿಡುಗಡೆ ಆಗ್ತಿರೋ ಟೆಂಪೋ ಟ್ರಾವೆಲರ್ ನೋಡಿ. ಒಟ್ಟು ತೂಕ 7,500 ಕೆಜಿ ಮೀರದ ಗಾಡಿಗೆ ನಿಮ್ಮ ಕಾರಿನ ಲೈಸೆನ್ಸೇ ಸಾಕು, ಅಷ್ಟರೊಳಗಿನ ಟ್ರಾನ್ಸ್‌ಪೋರ್ಟ್ ಗಾಡಿನೂ ಅದೇ ಲೈಸೆನ್ಸಲ್ಲಿ ಓಡ್ಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ತಗೊಳ್ಳೋ ಮುಂಚೆ ಲೋನ್ ತೀರಿದ್ಯಾ, ಪರ್ಮಿಟ್ ಸರೆಂಡರ್ ಆಗಿದ್ಯಾ, ಟ್ಯಾಕ್ಸ್ ಬಾಕಿ ಇದ್ಯಾ, ಹಳದಿ ಬೋರ್ಡಿಂದ ಬಿಳಿ ಬೋರ್ಡಿಗೆ ಬರೋಕೆ ಎಷ್ಟು ಕಟ್ಬೇಕು, ಇಷ್ಟನ್ನ ಆರ್‌ಟಿಓ ಆಫೀಸಲ್ಲೇ ಕೇಳಿ, ಬ್ರೋಕರ್ ಬಾಯಿ ಮಾತು ನಂಬ್ಬೇಡಿ.

ಇನ್ನೊಂದು, ಇದನ್ನೇ ಜನ ಮರೀತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಏನಿದೆಯೋ ಗಾಡಿ ಹಾಗೇ ಇರ್ಬೇಕು, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡೀತು. ಸೀಟು ಕಿತ್ತು ಮಂಚ, ಸಿಂಕು, ಒಲೆ ಕೂರಿಸಿದ್ರೆ ಅದು ಬದಲಾವಣೆನೇ. ಅನುಮತಿ ಇಲ್ದೆ ಮಾಡಿದ್ರೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ದಂಡ ಹೋಗ್ಲಿ, ಆಕ್ಸಿಡೆಂಟ್ ಆದಾಗ ಇನ್ಶೂರೆನ್ಸ್ ಕಂಪನಿ ಇದನ್ನೇ ಹಿಡ್ಕೊಂಡು ಕೈ ಎತ್ತಿದ್ರೆ ಏನ್ಮಾಡ್ತೀರಾ? ಕ್ಯಾರವಾನ್, ಅಂದ್ರೆ ಒಳಗೇ ಮನೆ ಮಾಡ್ಕೊಂಡಿರೋ ಗಾಡಿಗೆ ಅಂತಲೇ ಎಐಎಸ್-124 ಅನ್ನೋ ಮಾನದಂಡ ಇದೆ, ಅದು ಗೊತ್ತಿರೋ, ಆ ಅಪ್ರೂವಲ್ ಕಾಗದ ತೋರಿಸೋ ಬಾಡಿ ಬಿಲ್ಡರ್ ಹತ್ರ ಹೋಗಿ, ಸ್ವಂತಕ್ಕೆ ಬಳಸೋ ಕ್ಯಾಂಪರ್ ವ್ಯಾನ್ ಅಂತ ಆರ್‌ಸಿಗೆ ಹತ್ತಿಸಿ, ಇನ್ಶೂರೆನ್ಸ್‌ನವರಿಗೆ ಬರವಣಿಗೆಯಲ್ಲಿ ತಿಳ್ಸಿ. ಬಡಗಿನ ಕರೆಯೋದು ಇದೆಲ್ಲ ಮುಗಿದ್ಮೇಲೆ.

ಪ್ರಶ್ನೆ: ಬೆಂಗಳೂರಲ್ಲಿ ಐಟಿ ಕೆಲಸ, ವರ್ಕ್ ಫ್ರಮ್ ಹೋಮ್ ಪರ್ಮನೆಂಟ್. ವ್ಯಾನ್ ಮೇಲೆ ಸೋಲಾರ್ ಹಾಕಿ ಎಸಿ, ಇಂಡಕ್ಷನ್, ಫ್ರಿಜ್ ಎಲ್ಲಾ ನಡೆಸ್ಬೋದಾ ಬ್ರೋ?
— ಕೋಡಿಂಗ್ ಹುಡುಗ, ಬೆಂಗಳೂರು

ಉತ್ತರ: ಲೆಕ್ಕ ಹಾಕೋಣ ಬ್ರೋ. ಟ್ರಾವೆಲರ್ ತಲೆ ಮೇಲೆ 540 ವ್ಯಾಟಿಂದು ಎರಡು ಪ್ಯಾನೆಲ್ ಹಿಡೀಬಹುದು, ಒಂದೊಂದೂ ಏಳೂವರೆ ಅಡಿ ಉದ್ದ. ದಿನಕ್ಕೆ ಐದು ಗಂಟೆ ಒಳ್ಳೇ ಬಿಸಿಲು ಅಂದ್ರೆ ಪೇಪರ್ ಮೇಲೆ 5.4 ಯೂನಿಟ್, ಆದ್ರೆ ಪ್ಯಾನೆಲ್ ಚಪ್ಪಟೆ ಮಲಗಿರುತ್ತೆ, ಧೂಳು ಕೂತಿರುತ್ತೆ, ಕಾದು ಹೋಗಿರುತ್ತೆ, ಹಾಗಾಗಿ ನಾಲ್ಕು ಅಂದ್ಕೊ. ಒಂದು ಟನ್ ಎಸಿ ಸೆಕೆಯ ರಾತ್ರಿ ಪೂರ್ತಿ ಓಡಿದ್ರೆ ಇದಷ್ಟನ್ನೂ ಒಂದೇ ಬಾಯಿಗೆ ಮುಗಿಸಿ ಇನ್ನೂ ಬೇಕು ಅನ್ನುತ್ತೆ. ಎಸಿ ಬಿಟ್ಟು ನೋಡು: ಲ್ಯಾಪ್‌ಟಾಪ್ ಎಂಟು ಗಂಟೆಗೆ ಅರ್ಧ ಯೂನಿಟ್, 12 ವೋಲ್ಟಿನ ಚಿಕ್ಕ ಕಂಪ್ರೆಸರ್ ಫ್ರಿಜ್ ಸುಮಾರು ಅರ್ಧ ಯೂನಿಟ್, ಕರೆಂಟ್ ಕಮ್ಮಿ ತಿನ್ನೋ ಬಿಎಲ್‌ಡಿಸಿ ಫ್ಯಾನು, ಲೈಟು, ರೂಟರ್ ಸೇರಿ ಇನ್ನರ್ಧ, ಅಷ್ಟೇ. ಒಂದೂವರೆ ಯೂನಿಟ್‌ಗೆ 12.8 ವೋಲ್ಟ್ 200 ಆಂಪಿಯರ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಂದು ಸಾಕು, ಅದರಲ್ಲಿ ಎರಡೂವರೆ ಯೂನಿಟ್ ಹಿಡಿಯುತ್ತೆ. ಮನೆ ಯುಪಿಎಸ್‌ನ ಲೆಡ್ ಬ್ಯಾಟರಿ ತಂದು ಇಡ್ಬೇಡ, ಅರ್ಧಕ್ಕಿಂತ ಕೆಳಗೆ ಇಳಿಸ್ತಾ ಹೋದ್ರೆ ಬೇಗ ಸಾಯುತ್ತೆ, ಭಾರ ಬೇರೆ.

ಮಳೆಗಾಲಕ್ಕೆ ಮಲೆನಾಡಲ್ಲಿ ಪ್ಯಾನೆಲ್ ನಂಬ್ಕೊಂಡು ಕೂರೋಕಾಗಲ್ಲ, ಗಾಡಿ ಓಡುವಾಗ ಆಲ್ಟರ್ನೇಟರ್‌ನಿಂದ ಚಾರ್ಜ್ ಆಗೋಕೆ ಡಿಸಿ-ಡಿಸಿ ಚಾರ್ಜರ್ ಹಾಕ್ಸು. ಏಪ್ರಿಲಲ್ಲಿ ರಾಯಚೂರಲ್ಲಿ ನಿಂತು ಎಸಿ ಬೇಕು ಅನ್ನೋ ಬದಲು ಚಿಕ್ಕಮಗಳೂರಿಗೆ ಹೋಗು, ಗಾಲಿ ಇರೋದು ಯಾಕೆ ಮತ್ತೆ? ಇಂಡಕ್ಷನ್ ಮರೆತುಬಿಡು, ಪೆಟ್ರೋಲ್ ಬಂಕಲ್ಲಿ ಐಡಿ ತೋರಿಸಿದ್ರೆ ಸಿಗೋ 5 ಕೆಜಿ ಸಿಲಿಂಡರ್ ಸಾಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರೆ ನೆಲದಲ್ಲಿ ಮಡುಗಟ್ಟುತ್ತೆ, ಅದಕ್ಕೇ ಸಿಲಿಂಡರ್ ಇಡೋ ಡಬ್ಬದ ತಳದಲ್ಲಿ ಹೊರಕ್ಕೆ ತೂತು ಇರ್ಲೇಬೇಕು. ಚಳಿ ಊರಲ್ಲಿ ಬಾಗ್ಲು ಹಾಕ್ಕೊಂಡು ಕೆಂಡ ಇಟ್ಕೊಂಡು ಮಲಗೋದು, ಒಲೆ ಹಚ್ಚಿ ಬೆಚ್ಚಗೆ ಮಾಡ್ಕೊಳ್ಳೋದು ಯಾವತ್ತೂ ಬೇಡ, ಎದ್ದೇಳಲ್ಲ.

ಪ್ರಶ್ನೆ: ನಮ್ಮ ಯಜಮಾನ್ರು ವ್ಯಾನ್ ತಗೊಂಡಾರ. ಅಡಿಗಿಮನಿ ಕಟ್ಟಿಗಿ ಗ್ರಾನೈಟ್ ಹಾಕಸೂಣೇನ್ರಿ? ರೊಟ್ಟಿ ಬಡಿಯಾಕ ಬೇಕಲ್ಲ. ಟಾಯ್ಲೆಟ್ ಹೆಂಗ ಮಾಡೂದು?
— ಗೃಹಿಣಿ, ಹುಬ್ಬಳ್ಳಿ

ಉತ್ತರ: ಗ್ರಾನೈಟ್ ಬೇಡ್ರಿ ಅಕ್ಕಾರ. 18 ಮಿಲಿಮೀಟರ್ ಗ್ರಾನೈಟ್ ಒಂದು ಚದರ ಮೀಟರಿಗೆ ಹತ್ತತ್ರ 50 ಕೆಜಿ. 8x4ರ ದಪ್ಪ ಪ್ಲೈವುಡ್ ಶೀಟೇ ಒಂದಕ್ಕೆ 30-35 ಕೆಜಿ ತೂಗುತ್ತೆ, ಮಾಡ್ಯುಲರ್ ಕಿಚನ್ ಅಂತ ನಾಲ್ಕೈದು ಶೀಟ್ ಒಳಗೆ ಹೋದ್ರೆ ಇಬ್ರು ಜನ ಜಾಸ್ತಿ ಕೂತಂಗೆ. ನೀರು 100 ಲೀಟರ್ ಅಂದ್ರೆ 100 ಕೆಜಿ. ಸ್ಟೀಲ್ ತಗಡು ಹೊದಿಸಿದ ತೆಳು ಪ್ಲೈ ಮಾಡಿಸಿ. ಎಲ್ಲಾ ತುಂಬಿದ್ಮೇಲೆ ವೇ ಬ್ರಿಡ್ಜ್‌ನಲ್ಲಿ ತೂಕ ಹಾಕ್ಸಿ, ಆರ್‌ಸಿಯಲ್ಲಿರೋ ಒಟ್ಟು ತೂಕ ದಾಟಬಾರ್ದು. ಎಡಕ್ಕೆ ಬಲಕ್ಕೆ ಭಾರ ಸಮ ಇದ್ಯಾ ಅಂತಾನೂ ನೋಡ್ಕೊಳ್ಳಿ, ನೀರಿನ ಟ್ಯಾಂಕು ಬ್ಯಾಟರಿ ಎರಡೂ ಒಂದೇ ಕಡೆ ಇಟ್ರೆ ಗಾಡಿ ವಾಲುತ್ತೆ.

ರೊಟ್ಟಿ ಹೊರಗಡೆ ಬಡೀರಿ, ಬಾಗ್ಲಿಗೆ ಒಂದು ಮಡಚೋ ನೆರಳು ಕಟ್ಟಿಸ್ಕೊಂಡು. ಒಳಗೆ ಹಿಟ್ಟು, ಹೊಗೆ ಎರಡೂ ಹಾಸಿಗೆ ಮೇಲೇ ಕೂರುತ್ತೆ, ಒಗ್ಗರಣೆ ಘಾಟು ಅಂತೂ ಮೂರು ದಿನ ಹೋಗಲ್ಲ.

ಟಾಯ್ಲೆಟ್‌ಗೆ ಕೆಳಗೆ 20 ಲೀಟರ್ ಟ್ಯಾಂಕ್ ಕಳಚೋ ಪೋರ್ಟಬಲ್ ಸಿಗುತ್ತೆ, ಇಬ್ರಿಗೆ ಎರಡ್ಮೂರು ದಿನ ಬರುತ್ತೆ. ಖಾಲಿ ಮಾಡೋದು ಶೌಚಾಲಯದಲ್ಲೇ, ಹಳ್ಳದಲ್ಲಿ ಹೊಲದಲ್ಲಿ ಅಲ್ಲ. ಈ ಕೆಲಸ ಯಾರದ್ದು ಅಂತ ಯಜಮಾನ್ರ ಹತ್ರ ಮೊದ್ಲೇ ಮಾತಾಡ್ಕೊಂಡ್ಬಿಡ್ರಿ.

ಪ್ರಶ್ನೆ: ರಾತ್ರಿ ಗಾಡಿ ನಿಲ್ಸೋದು ಎಲ್ಲಿ?
— ಓದುಗ, ಪುತ್ತೂರು

ಉತ್ತರ: ದೊಡ್ಡ ಪೆಟ್ರೋಲ್ ಬಂಕು, ಲಾರಿಯೋರು ನಿಲ್ಸೋ ಡಾಬಾ, ದೇವಸ್ಥಾನದ ಛತ್ರದ ಅಂಗಳ, ಎಲ್ಲೇ ಆದ್ರೂ ಕೇಳಿ ನಿಲ್ಸಿ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೇ ಒಂದು ನೀತಿ ತಂತು, ವಾಗಮಣ್‌ನಲ್ಲಿ ಪಾರ್ಕೂ ಶುರುವಾಯ್ತು, ಅಂಥ ಕಡೆ ದುಡ್ಡು ಕೊಟ್ರೆ ನೀರು, ಕರೆಂಟು ಸಿಗುತ್ತೆ. ಕಾಡೊಳಗೆ ಮಾತ್ರ ಬೇಡ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್, ಗುಂಡ್ಲುಪೇಟೆಗೆ ಲೇಟಾಗಿ ಬಂದ್ರೆ ಅಲ್ಲೇ ಉಳ್ಕೊಳ್ಳಿ.

ಪ್ರಶ್ನೆ: ನನಗೆ ಆಸೆ, ಹೆಂಡ್ತಿಗೆ ಸುತರಾಂ ಇಷ್ಟ ಇಲ್ಲ. ಗಾಡಿ ತಂದ್ಮೇಲೆ ಒಪ್ಪಬಹುದಾ?
— ಹೆಸರು ಬೇಡ, ದಾವಣಗೆರೆ

ಉತ್ತರ: ತರ್ಬೇಡಿ ಸಾರ್. ಬಾಡಿಗೆಗೆ ಕ್ಯಾಂಪರ್ ವ್ಯಾನ್ ಸಿಗುತ್ತೆ, ಜುಲೈ ಮಳೇಲಿ ಒಂದ್ ವಾರ ಆಗುಂಬೆ ಕಡೆ ಹೋಗ್ಬನ್ನಿ, ಒದ್ದೆ ಟವಲು ಒಣಗಲ್ಲ, ಹಾಸಿಗೆ ಬೂಷ್ಟು ವಾಸ್ನೆ ಬರುತ್ತೆ, ಇಬ್ರೂ ಒಂದೇ ಕಡೆ ತಿರುಗ್ಬೇಕು. ಆಮೇಲೂ ಆಸೆ ಉಳಿದ್ರೆ ಮಾತಾಡಿ.

ಪ್ರಶ್ನೆ: ಕರ್ನಾಟಕ ನಂಬರ್ ಇಟ್ಕೊಂಡು ಎಷ್ಟು ದಿನ ಬೇರೆ ರಾಜ್ಯ ಸುತ್ತಬಹುದು?
— ಓದುಗರು, ಬೀದರ್

ಉತ್ತರ: ಒಂದೇ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಗಾಡಿ ಇಟ್ಕೊಂಡ್ರೆ ಅಲ್ಲಿನ ನಂಬರ್ ಮಾಡಿಸ್ಬೇಕು, ರಾಜ್ಯ ದಾಟ್ತಾ ಹೋಗೋರಿಗೆ ಆ ತೊಂದರೆ ಇಲ್ಲ. ರಾಜ್ಯ ಬದಲಾದ್ರೂ ನಂಬರ್ ಬದಲಿಸೋದು ಬೇಡದ ಬಿಎಚ್ (ಭಾರತ್) ನಂಬರ್ ಎಲ್ರಿಗೂ ಕೊಡಲ್ಲ, ಸರ್ಕಾರಿ ನೌಕರರಿಗೆ, ಇಲ್ಲಾ ನಾಲ್ಕು ಅಥವಾ ಹೆಚ್ಚು ರಾಜ್ಯದಲ್ಲಿ ಆಫೀಸಿರೋ ಕಂಪನಿಯವ್ರಿಗೆ ಮಾತ್ರ. ಟೋಲ್ ರಸೀದಿ ಬಿಸಾಕ್ಬೇಡಿ, ಯಾವಾಗ ಗಡಿ ದಾಟಿದ್ರಿ ಅಂತ ಯಾರಾದ್ರೂ ತಡೆದು ಕೇಳಿದ್ರೆ ತೋರ್ಸೋಕೆ ಬೇಕಾಗುತ್ತೆ.