ಕಲ್ಲು ತುಂಬಿದ ಎರೆ ಜಮೀನಿನಲ್ಲಿ ಕಲ್ಲು ಆರಿಸಿ ಅಡಿಕೆ ಇಡಬಹುದೇ?

ನೀವು ಕೇಳಿರುವುದು ಇಷ್ಟು: ಅಜ್ಜಂಪುರದ ಹತ್ತಿರ ನಾಲ್ಕು ಎಕರೆ ದಿಬ್ಬದ ಜಮೀನು ನಿಮ್ಮ ಪಾಲಿಗೆ ಬಂದಿದೆ. ಮೇಲೆಲ್ಲ ಕಲ್ಲು. ಒಂದಡಿ ಅಗೆಯುವಷ್ಟರಲ್ಲಿ ಹಾರೆ ಠಣ್ ಎನ್ನುತ್ತದೆ. ಮಣ್ಣು ಕಪ್ಪು, ಮಳೆ ಬಂದರೆ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಕಲ್ಲೆಲ್ಲ ಆರಿಸಿ ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು, ಹೊಡೆಸಿ ಅಡಿಕೆ ಇಡೋಣವೇ ಅಥವಾ ದನ ಮೇಯಲು ಬಿಡೋಣವೇ ಎಂಬುದು ನಿಮ್ಮ ಪ್ರಶ್ನೆ.

ಅಡಿಕೆ ಬೇಡ. ಕಲ್ಲನ್ನೂ ಆರಿಸಬೇಡಿ. ಹುಲ್ಲಿಗೆ ಬಿಡಿ. ನಮ್ಮದೂ ಅದೇ ಸಾಲಿನ ಭೂಮಿ, ದನ ಕಟ್ಟಿಕೊಂಡು ಹುಲ್ಲಿಗೇ ಉಳಿಸಿಕೊಂಡು ಬಂದಿದ್ದೇವೆ. ಹಾಗಾಗಿ ಕಾರಣವನ್ನೂ ಬಿಡಿಸಿ ಹೇಳುತ್ತೇನೆ.

ಮೊದಲು ಒಂದು ಗುಂಡಿ ತೆಗೆಯಿರಿ, ಮಣ್ಣು ಅರ್ಧ ಹಸಿ ಇರುವಾಗ. ಮೇಲಿನ ಎರಡು ಬೆರಳಿನಷ್ಟು ಮಣ್ಣು ಪುಡಿಪುಡಿಯಾಗಿ ಉದುರುತ್ತದೆ. ಅದರ ಕೆಳಗೆ ಮೂಲೆ ಮೂಲೆಯಾಗಿ ಒಡೆಯುವ ಹೆಂಟೆ. ಒಂದು ಹೆಂಟೆ ಎತ್ತಿಕೊಂಡು ಮೆಲ್ಲಗೆ ಬಿಡಿಸಿ ನೋಡಿ: ಹುಲ್ಲಿನ ಬೇರು ಹೆಂಟೆಯ ಒಳಗೆ ಹೋಗಿರುವುದಿಲ್ಲ. ಎರಡು ಹೆಂಟೆಗಳ ಸಂದಿಯಲ್ಲಿ ಇಸ್ತ್ರಿ ಮಾಡಿದ ಹಾಗೆ ಚಪ್ಪಟೆಯಾಗಿ ಹರಡಿಕೊಂಡಿರುತ್ತದೆ. ಇನ್ನೂ ಕೆಳಗಿನ ಕಲ್ಲನ್ನು ಕಿತ್ತು ಮಗುಚಿ ನೋಡಿದರೆ ಕೆಳಮೈಗೆ ಬಿಳಿ ಪೊರೆ ಹಿಡಿದಿರಬಹುದು. ಅದು ಸುಣ್ಣ. ಮಳೆನೀರು ಎಲ್ಲಿಯವರೆಗೆ ಇಳಿದು ಅಲ್ಲೇ ಆರಿಹೋಗುತ್ತದೋ ಅಲ್ಲಿ ಸುಣ್ಣ ನಿಲ್ಲುತ್ತದೆ. ನಿಮ್ಮ ಮಳೆ ಎಷ್ಟು ಆಳ ಮುಟ್ಟುತ್ತದೆ ಎಂಬ ಲೆಕ್ಕ ಆ ಕಲ್ಲಿನ ಮೇಲೆಯೇ ಇದೆ.

ಈ ಮಣ್ಣು ಹೀಗಾಗಲು ಕೆಳಗಿರುವ ಬಂಡೆ ಕಾರಣ. ಬಾಬಾಬುಡನ್‌ಗಿರಿಯ ಸುತ್ತಮುತ್ತ ಇರುವ ಹಸಿರು ಕಪ್ಪು ಬಣ್ಣದ ಕಲ್ಲು ಬಹುಪಾಲು ಹಳೆಯ ಲಾವಾ. ಸುಮಾರು 270ರಿಂದ 290 ಕೋಟಿ ವರ್ಷಗಳ ಹಿಂದೆ ಹರಿದು, ಆಮೇಲೆ ಒತ್ತಡಕ್ಕೂ ಕಾವಿಗೂ ಸಿಕ್ಕಿ ರೂಪ ಬದಲಿಸಿಕೊಂಡದ್ದು. ಗಿರಿಯ ಸಾಲು ಕುದುರೆ ಲಾಳದ ಆಕಾರದಲ್ಲಿದೆ ಎಂದು ಅದನ್ನೇ ಜ್ವಾಲಾಮುಖಿಯ ಬಾಯಿ ಎನ್ನುವವರಿದ್ದಾರೆ. ಅದು ಬಾಯಿಯಲ್ಲ, ಮಡಿಚಿದ ಪದರಗಳು ಸವೆದು ಉಳಿದ ಆಕಾರ. ವಿಜಯಪುರ, ಬೆಳಗಾವಿ, ಬೀದರ್ ಕಡೆಯ ಡೆಕ್ಕನ್ ಟ್ರ್ಯಾಪ್ ಬೇರೆ, ಅದು ಸುಮಾರು 6.6 ಕೋಟಿ ವರ್ಷದ ಈಚಿನ ಲಾವಾ. ವಯಸ್ಸು ಬೇರೆಯಾದರೂ ಗುಣ ಒಂದೇ. ಇಂಥ ಕಲ್ಲಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಶಿಯಂ, ಕಬ್ಬಿಣ ಹೆಚ್ಚು, ಮರಳಾಗುವ ಸ್ಫಟಿಕ ಕಡಿಮೆ. ಮಳೆ ಕಡಿಮೆ ಇರುವ ಕಡೆ ಅದು ಕರಗಿದಾಗ ಸ್ಮೆಕ್ಟೈಟ್ ಎಂಬ ಜೇಡಿ ಹುಟ್ಟುತ್ತದೆ. ನೀರು ಕುಡಿದರೆ ಉಬ್ಬುವುದು, ಒಣಗಿದರೆ ಕುಗ್ಗುವುದು ಇದರ ಸ್ವಭಾವ. ತಗ್ಗಿನಲ್ಲಿ ಇದೇ ಮಣ್ಣು ಆಳವಾಗಿ ಕೂತಿದೆ, ಅಲ್ಲಿ ಈರುಳ್ಳಿ, ಕಡಲೆ, ಜೋಳ ಚೆನ್ನಾಗಿ ಬರುತ್ತವೆ. ದಿಬ್ಬದ ಮೇಲೆ ಹುಟ್ಟಿದಷ್ಟು ಮಣ್ಣು ಕೊಚ್ಚಿಹೋಗುತ್ತಲೇ ಇರುವುದರಿಂದ ತೆಳುವಾಗಿ ಉಳಿದಿದೆ.

ಈಗ ಕಲ್ಲಿನ ವಿಷಯ. ಆರಿಸಿದಷ್ಟೂ ಮೇಲೇಳುತ್ತವೆ ಎಂದು ನಮ್ಮ ಕಡೆ ಹಿರಿಯರು ಹೇಳುವುದು ಸುಳ್ಳಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಮೇಲಿನ ಸಣ್ಣ ಮಣ್ಣು ಒಳಗೆ ಉದುರುತ್ತದೆ, ಕಲ್ಲು ದಪ್ಪವಾದ್ದರಿಂದ ಮೇಲೆಯೇ ಉಳಿಯುತ್ತದೆ. ಮಳೆ ಬಿದ್ದು ಒಳಗಿನ ಮಣ್ಣು ಉಬ್ಬಿದಾಗ ಜಾಗ ಸಾಲದೆ ಎಲ್ಲವನ್ನೂ ಮೇಲಕ್ಕೆ ನೂಕುತ್ತದೆ. ವರ್ಷ ವರ್ಷವೂ ಇದೇ ನಡೆದು ಕಲ್ಲೆಲ್ಲ ಮೇಲೆ ಬಂದು ಹಾಸಿಕೊಂಡಿದೆ. ನೀವು ಕೂಲಿ ಕೊಟ್ಟು ಆರಿಸಿದರೆ ಕೆಳಗಿನವು ಬರುತ್ತವೆ. ಅದಕ್ಕಿಂತ ಮುಖ್ಯವಾಗಿ, ಆ ಹಾಸು ನಿಮ್ಮ ಮಣ್ಣನ್ನು ಕಾಯುತ್ತಿದೆ. ಮಳೆಹನಿ ನೇರವಾಗಿ ಜೇಡಿಗೆ ಹೊಡೆದರೆ ಮೇಲ್ಪದರ ಕಲಸಿ ಮುಚ್ಚಿಕೊಳ್ಳುತ್ತದೆ, ಆಮೇಲೆ ಬಿದ್ದ ನೀರೆಲ್ಲ ಕೆಂಪಗೆ ಕಪ್ಪಗೆ ಹರಿದು ಹಳ್ಳ ಸೇರುತ್ತದೆ. ಕಲ್ಲು ಆ ಹೊಡೆತ ತಿನ್ನುತ್ತದೆ, ತನ್ನ ಮೇಲೆ ಬಿದ್ದ ನೀರನ್ನು ಪಕ್ಕದ ಬುಡಕ್ಕೆ ಇಳಿಸುತ್ತದೆ, ಬಿಸಿಲಿಗೆ ಮಣ್ಣು ಬೇಗ ಆರದ ಹಾಗೆ ಮುಚ್ಚಿ ಇಡುತ್ತದೆ. ಮಳೆ ನಿಂತು ಹದಿನೈದು ದಿನವಾದ ಮೇಲೆ ಅಂಗೈಯಗಲದ ಕಲ್ಲೊಂದನ್ನು ಎತ್ತಿ ಕೆಳಗೆ ಬೆರಳಿಡಿ. ಬಯಲಿನ ಮಣ್ಣಿಗೂ ಅದಕ್ಕೂ ಇರುವ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ಸಡಿಲವಾಗಿ ಬಿದ್ದಿರುವ ದಪ್ಪ ಕಲ್ಲುಗಳನ್ನು ಮಾತ್ರ ತೆಗೆದು ಇಳಿಜಾರಿಗೆ ಅಡ್ಡಲಾಗಿ ಸಾಲು ಇಡಿ, ಮೊಣಕಾಲೆತ್ತರವೂ ಬೇಡ. ನೀರಿನ ಓಟ ಕಡಿಮೆಯಾಗಿ ಸಾಲಿನ ಮೇಲ್ಗಡೆ ಮಣ್ಣು ನಿಲ್ಲುತ್ತದೆ, ಹುಲ್ಲು ಮೊದಲು ದಟ್ಟವಾಗುವುದು ಅಲ್ಲೇ.

ಅಡಿಕೆ ಏಕೆ ಬೇಡ ಎಂಬುದಕ್ಕೆ ಒಂದು ಲೆಕ್ಕ. ಜೇಡಿಮಣ್ಣು ಒಂದಡಿ ಆಳದಲ್ಲಿ ಗಿಡಕ್ಕೆ ಸಿಗುವಂಥ ನೀರನ್ನು ಹೆಚ್ಚೆಂದರೆ 45 ಮಿ.ಮೀ. ಹಿಡಿಯುತ್ತದೆ ಎಂದುಕೊಳ್ಳಿ. ಅದರಲ್ಲಿ ಅರ್ಧ ಕಲ್ಲಾದರೆ ಉಳಿದದ್ದು 22 ಮಿ.ಮೀ. ಚೆನ್ನಾಗಿ ಬೆಳೆಯುವ ಹುಲ್ಲು ದಿನಕ್ಕೆ 4 ಮಿ.ಮೀ. ಎಳೆದರೆ ಐದಾರು ದಿನಕ್ಕೆ ಮುಗಿಯಿತು. ಹುಲ್ಲು ಒಣಗಿ ಬುಡದಲ್ಲಿ ಜೀವ ಹಿಡಿದು ಕೂರುತ್ತದೆ, ಮುಂದಿನ ಮಳೆಗೆ ಚಿಗುರುತ್ತದೆ. ಅಡಿಕೆಗೆ ಹಾಗೆ ಕಾಯುವುದು ಗೊತ್ತಿಲ್ಲ. ಮಳೆಗಾಲದಲ್ಲಿ ಇದೇ ಜಾಗದಲ್ಲಿ ನೀರು ಬಂಡೆಯ ಮೇಲೆ ನಿಂತು ಬೇರು ಕೊಳೆಯುತ್ತದೆ, ಅದನ್ನೂ ಅಡಿಕೆ ತಡೆಯುವುದಿಲ್ಲ. ಕೆರೆಗೋಡು ಹೊಡೆಸುವುದಾದರೆ ಒಂದು ಎಕರೆಗೆ ಒಂದಡಿ ಹರಡಲು ಸುಮಾರು 1,200 ಘನ ಮೀಟರ್ ಬೇಕು. ಟ್ರ್ಯಾಕ್ಟರ್ ಟ್ರೇಲರ್‌ಗೆ 3 ಘನ ಮೀಟರ್ ಹಿಡಿದರೂ 400 ಲೋಡು! ಅಷ್ಟು ಸುರಿದರೂ ಅದು ಮತ್ತೆ ಜೇಡಿಯೇ, ಇಳಿಜಾರಿನಲ್ಲಿ ಅದು ನಿಲ್ಲುವುದೂ ಕಷ್ಟ.

ಮೇಯಿಸುವುದರಲ್ಲಿ ಒಂದೇ ಕಟ್ಟುನಿಟ್ಟು: ಮಣ್ಣು ಹಸಿ ಇರುವಾಗ ದನ ಬಿಡಬೇಡಿ. ನಿಮ್ಮ ಹಿಮ್ಮಡಿ ಊರಿ ನೋಡಿ. ಗುಳಿ ಬಿದ್ದು ಅಂಚು ಮೇಲೆದ್ದರೆ ಇನ್ನೂ ಹದ ಬಂದಿಲ್ಲ. ಹಸಿ ಜೇಡಿಯಲ್ಲಿ ಗೊರಸು ಒತ್ತಿದ ಜಾಗ ಒಣಗಿದ ಮೇಲೆ ಬಟ್ಟಲಿನ ಹಾಗೆ ಗಟ್ಟಿಯಾಗುತ್ತದೆ, ಅದರಲ್ಲಿ ಒಳ್ಳೆಯ ಹುಲ್ಲು ಬರುವುದಿಲ್ಲ, ಕಾಂಗ್ರೆಸ್ ಗಿಡ ಬರುತ್ತದೆ. ಭರಣಿ, ಕೃತ್ತಿಕೆ ಮಳೆಗೆ ಚಿಗುರಿದ ಹುಲ್ಲು ನೋಡಿ ಆಸೆಪಟ್ಟು ಅಂದೇ ದನ ಹೊಡೆಯುವುದೇ ನಮ್ಮ ಗೋಮಾಳಗಳನ್ನು ಹಾಳುಮಾಡಿದ್ದು. ಆ ಮೊದಲ ಚಿಗುರು ಬರುವುದು ಬೇರಿನಲ್ಲಿ ಕೂಡಿಟ್ಟ ಶಕ್ತಿಯಿಂದ. ಒಂದು ಮೊಳ ಬೆಳೆಯಲು ಬಿಟ್ಟು, ಆಮೇಲೆ ಮೇಯಿಸಿ, ನಾಲ್ಕು ಬೆರಳು ಉಳಿದಾಗ ದನ ಹೊರಗೆ ಅಟ್ಟಿ. ಚಿತ್ತೆ, ಸ್ವಾತಿ ಮಳೆಯ ಹುಲ್ಲು ಬೀಜ ಕಟ್ಟಿ ಉದುರಿಸಿದ ಮೇಲೆ ಕೊಯ್ದು ಮೆದೆ ಹಾಕಿಕೊಳ್ಳಬಹುದು.

ಇದು ನಾನು ಕಂಡುಹಿಡಿದದ್ದಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದಿದ್ದು, ಟಿಪ್ಪು ಕಾಲದಲ್ಲಿ ಅಮೃತ ಮಹಲ್ ಎಂದಾದ ದನಗಳ ಇಲಾಖೆ ತನ್ನ ಕಾವಲುಗಳನ್ನು, ಅಂದರೆ ದನ ಮೇಯಲು ಕಾಯ್ದಿಟ್ಟ ಹುಲ್ಲುಗಾವಲುಗಳನ್ನು, ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿಕೊಂಡು ದನಗಳನ್ನು ಕಾವಲಿನಿಂದ ಕಾವಲಿಗೆ ಸಾಗಿಸುತ್ತಿತ್ತು. ಯಾವ ಹುಲ್ಲುಗಾವಲಿಗೆ ಯಾವಾಗ ವಿಶ್ರಾಂತಿ ಬೇಕು ಎಂಬುದು ಅವರಿಗೆ ಗೊತ್ತಿತ್ತು. ಅಮೃತ ಮಹಲ್ ತಳಿಯ ಕೇಂದ್ರ ಇವತ್ತಿಗೂ ನಿಮ್ಮ ಅಜ್ಜಂಪುರದಲ್ಲೇ ಇದೆ, ಒಮ್ಮೆ ಹೋಗಿ ಕಾವಲು ನೋಡಿಕೊಂಡು ಬನ್ನಿ. ಕಡೂರು ತಾಲ್ಲೂಕಿನ ಬಾಸೂರು ಕಾವಲಿನಲ್ಲಿ ಕೃಷ್ಣಮೃಗಗಳು ಉಳಿದಿರುವುದೂ ಹುಲ್ಲು ಉಳಿದಿರುವುದರಿಂದಲೇ. ಇಂಥ ಬಯಲನ್ನು ಬಂಜರು ಎಂದು ಬರೆದು ನೀಲಗಿರಿ ನೆಡುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮರ ಬೇಕೇ ಬೇಕು ಎಂದರೆ ಈಗಾಗಲೇ ಕರಿಜಾಲಿಯೋ ಬೇವೋ ತಾನಾಗಿ ನಿಂತಿರುವ ಜಾಗ ಹುಡುಕಿ. ಅಲ್ಲಿ ಬಂಡೆ ಸೀಳಿದೆ, ಬೇರಿಗೆ ದಾರಿ ಇದೆ. ಅದರ ಆಸುಪಾಸಿನಲ್ಲಿ ಬೇವು, ಕಮರ ಇಡಬಹುದು. ಗೊಬ್ಬರಕ್ಕೆ ಬೇಸಿಗೆಯಲ್ಲಿ ಕುರಿ ಮಂದೆ ಹಾಕಿಸಿದರೆ ಸಾಕು. ಅಡಿಕೆಯ ಆಸೆ ಬಿಡಲಾಗದಿದ್ದರೆ ಜಮೀನಿನ ತಗ್ಗಿನ ಮೂಲೆಯಲ್ಲಿ ಇನ್ನೊಂದು ಗುಂಡಿ ತೆಗೆಸಿ; ನಾಲ್ಕಡಿ ಮಣ್ಣು ಸಿಕ್ಕಿ, ಮಳೆಗಾಲದಲ್ಲಿ ಆ ಗುಂಡಿಯಲ್ಲಿ ನೀರು ಎರಡು ದಿನಕ್ಕಿಂತ ಹೆಚ್ಚು ನಿಲ್ಲದಿದ್ದರೆ, ಬೇಸಿಗೆಗೂ ಸಾಲುವಷ್ಟು ಬೋರ್ ನೀರಿದ್ದರೆ, ಆ ಮೂಲೆಯ ಮಾತು ಬೇರೆ.