ಐದು ಗಂಟೆಗೇ ಯಾಕೆ ಎಬ್ಬಿಸಬೇಕು?

ಹತ್ತು–ಹನ್ನೆರಡು ಹಿರಿಯರು ತಮ್ಮ ಬೀದಿಯ ನಡುವೆಯೇ ಬಾಳುವ ಚಿಕ್ಕ ಆರೈಕೆ ಮನೆಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ನಿವೃತ್ತ ದಾದಿಯೊಬ್ಬರು ಅದನ್ನು ಒಪ್ಪದೆ ನಾಲ್ಕು ಪುಟದ ಪತ್ರ ಕಳಿಸಿದ್ದಾರೆ: 'ಹಣ್ಣಾದ ಜೀವಗಳಿಗೆ ಬೇಕಾದ್ದು ಹೊತ್ತಿಗೆ ಸರಿಯಾಗಿ ಔಷಧಿ, ಬೀಳದಂತೆ ಕಾವಲು. ಒಬ್ಬೊಬ್ಬರ ಇಷ್ಟ ಕೇಳುತ್ತ ಕೂತರೆ ಕೆಲಸ ಸಾಗದು.'

ತಾಯಿ, ಬಿದ್ದು ಸೊಂಟದ ಮೂಳೆ ಮುರಿದವರಲ್ಲಿ ಎಷ್ಟೋ ಮಂದಿ ಮತ್ತೆ ಮೊದಲಿನಂತೆ ಓಡಾಡುವುದಿಲ್ಲ, ನಿಜ. ಕಾವಲು ಬೇಕೇ ಬೇಕು. ಆದರೆ ಸಾಗದಿರುವುದು ಯಾರ ಕೆಲಸ?

ನನ್ನ ದೊಡ್ಡಮ್ಮ ಕೊನೆಯ ಎರಡು ವರ್ಷ ಒಂದು ದೊಡ್ಡ ಕೇಂದ್ರದಲ್ಲಿದ್ದರು. ರಾತ್ರಿ ಪಾಳಿಯವರು ಹೊರಡುವುದರೊಳಗೆ ಎಲ್ಲರ ಸ್ನಾನ ಮುಗಿಯಬೇಕು. ಹಾಗಾಗಿ ಐದಕ್ಕೇ ಎಬ್ಬಿಸುತ್ತಿದ್ದರು. ಎಂಟಕ್ಕೆ ಕುರ್ಚಿಯಲ್ಲೇ ತೂಕಡಿಕೆ. 'ಹಗಲೆಲ್ಲ ಮಂಪರು' ಎಂದು ಕಡತದಲ್ಲಿ ಬರೆದರು. ಬಾಳೆಲ್ಲ ಬಟ್ಟೆ ಹೊಲಿದ ಕೈ ಹೊದಿಕೆಯ ಅಂಚನ್ನು ಮಡಿಸುತ್ತ, ಉಗುರಿನಿಂದ ಗೆರೆ ತೀಡುತ್ತ, ಮತ್ತೆ ಬಿಚ್ಚುತ್ತ ಇರುತ್ತಿತ್ತು. ಅದಕ್ಕೆ 'ಚಡಪಡಿಕೆ' ಎಂದು ಬರೆದರು. ಹೊಸದಾಗಿ ಬಂದ ಹುಡುಗಿಯೊಬ್ಬಳು ಮಾತ್ರ ಒಗೆದ ಟವೆಲುಗಳ ರಾಶಿ ತಂದು ಮುಂದಿಟ್ಟಳು. ಅಂದು ದೊಡ್ಡಮ್ಮ ತೂಕಡಿಸಲಿಲ್ಲ.

1976ರಲ್ಲಿ ಮನಶ್ಶಾಸ್ತ್ರಜ್ಞರಾದ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಅಮೆರಿಕದ ಒಂದು ಆರೈಕೆ ಕೇಂದ್ರದಲ್ಲಿ ಮಾಡಿದ ಅಧ್ಯಯನ ಪ್ರಕಟವಾಯಿತು. ಒಂದು ಮಹಡಿಯವರಿಗೆ 'ನಿಮ್ಮ ದಿನ ನಿಮ್ಮ ಕೈಯಲ್ಲಿ' ಎಂದು ಹೇಳಿ, ಆರೈಕೆಗೊಂದು ಗಿಡ ಕೊಟ್ಟರು. ಇನ್ನೊಂದು ಮಹಡಿಯಲ್ಲಿ ಎಲ್ಲವನ್ನೂ ಸಿಬ್ಬಂದಿಯೇ ನೋಡಿಕೊಂಡರು, ಗಿಡಕ್ಕೆ ನೀರನ್ನೂ ಅವರೇ ಹಾಕಿದರು. ಮೂರೇ ವಾರದಲ್ಲಿ ಗಿಡವನ್ನು ತಾವೇ ನೋಡಿಕೊಂಡ ಮಹಡಿಯವರು ಹೆಚ್ಚು ಲವಲವಿಕೆಯಿಂದಿದ್ದರು. ಮರೆವಿನ ಕಾಯಿಲೆಯವರ ಆರೈಕೆಯನ್ನು ಹತ್ತಿರದಿಂದ ಕಂಡ ಬ್ರಿಟನ್ನಿನ ಟಾಮ್ ಕಿಟ್‌ವುಡ್, ಅವರನ್ನು ಕುಗ್ಗಿಸುವ ನಡವಳಿಕೆಗಳನ್ನು ಪಟ್ಟಿ ಮಾಡಿದರು: ಅವಸರಪಡಿಸುವುದು, ಮಗುವಿನಂತೆ ಕಾಣುವುದು, ಎದುರಿಗಿದ್ದರೂ ಇಲ್ಲದವರಂತೆ ನಡೆದುಕೊಳ್ಳುವುದು. ಇವನ್ನು ಮಾಡುವವರು ಕೆಟ್ಟವರೇನಲ್ಲ ಎಂದೂ ಹೇಳಿದರು. ಅದೇ ನನಗೆ ಹೆಚ್ಚು ಸಂಕಟದ ಮಾತು.

ಕೇಂದ್ರಗಳನ್ನಷ್ಟೇ ದೂರಿ ಏನು ಬಂತು? ವೈದ್ಯರು 'ಇವರಿಗೆ ನಿದ್ದೆ ಬರುತ್ತಾ?' ಎಂದು ಪಕ್ಕದಲ್ಲಿ ನಿಂತ ಮಗನನ್ನು ಕೇಳುತ್ತಾರೆ. ಬ್ಯಾಂಕಿನವರೂ ಅಷ್ಟೆ. 'ವೃದ್ಧರ ಹೊರೆ' ಎಂದು ತಲೆಬರಹ ಕೊಡುವವರು ನಾವು, ಪತ್ರಿಕೆಯವರು. ಆರೈಕೆ ಕೇಂದ್ರ ಕಟ್ಟಲು ಜಾಗ ಹುಡುಕುವಾಗ ಊರಾಚೆಗೇ ಹೋಗುತ್ತೇವೆ. ಪರಿಚಿತ ಮುಖವೊಂದು ದಾರಿಯಲ್ಲಿ ಹೋಗುತ್ತ ಕೈ ಬೀಸುವ ಅವಕಾಶವನ್ನೂ ಉಳಿಸುವುದಿಲ್ಲ.

ನಿಮ್ಮ ಮೂರನೇ ಪುಟದ ಅಂಚಿನಲ್ಲೊಂದು ಮಾತಿದೆ. ಕನ್ನಡಕ ಕೊಟ್ಟು, ಚೀಟಿಯನ್ನು ತಾವೇ ಓದಲು ಬಿಡುವವರೆಗೂ ಮಾತ್ರೆ ನುಂಗದ ಮೇಷ್ಟ್ರೊಬ್ಬರಿದ್ದರು, ನೀವು ದಿನವೂ ಕಾಯುತ್ತಿದ್ದಿರಿ ಎಂದು. ನಾವು ಬರೆದದ್ದೂ ಇದನ್ನೇ ಅಲ್ಲವೇ, ತಾಯಿ? ಆ ಮೇಷ್ಟ್ರ ಬಗ್ಗೆ ವಿವರವಾಗಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

– ಸಂ.