ಹಡಗುಗಳಿವೆ, ಚಿನ್ನವಿದೆ, ದಡದ ಜನ ಎಲ್ಲಿ?

ಪ್ರಿಯ ಲೇಖಕರೇ,

ಫ್ಲಾರಿಡಾದ ಕರಾವಳಿಯಲ್ಲಿ ಒಡೆದ ಸ್ಪ್ಯಾನಿಷ್ ಹಡಗುಗಳ ಬಗ್ಗೆ ನೀವು ಕಳಿಸಿದ ‘ಚಿನ್ನ ನುಂಗಿದ ಕಡಲು’ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಬದಿಗಿಟ್ಟು ಮರೆಯುವ ಬರಹವೂ ಅಲ್ಲ. ಅದಕ್ಕೇ ಉತ್ತರ ಇಷ್ಟು ಉದ್ದವಾಗಿದೆ.

ಮುಖ್ಯ ತಕರಾರು ಇದು. ನಾಲ್ಕು ಸಾವಿರ ಪದಗಳಲ್ಲಿ ಅಲ್ಲಿನ ಮೂಲನಿವಾಸಿಗಳು ಕಾಣಿಸುವುದು ಮೂರೇ ಕಡೆ. ಒಮ್ಮೆ ಪೊದೆಯ ಮರೆಯಿಂದ ಇಣುಕುತ್ತಾರೆ, ಒಮ್ಮೆ ಪೆಟ್ಟಿಗೆ ‘ಕದಿಯುತ್ತಾರೆ’, ಕೊನೆಗೆ ‘ಕಾಲಗರ್ಭದಲ್ಲಿ ಮರೆಯಾಗುತ್ತಾರೆ’. ಅವರಿಗೆ ಊರಿಲ್ಲ, ಊಟವಿಲ್ಲ, ಅರಸನಿಲ್ಲ. ಆದರೆ ಸುಮಾರು ಇನ್ನೂರು ವರ್ಷ ಆ ದಡದಲ್ಲಿ ಹಡಗು ಒಡೆದಾಗಲೆಲ್ಲ ಮೊದಲು ಓಡಿ ಬಂದವರು ಅವರೇ. ಯಾರು ಬದುಕಬೇಕು, ಸರಕು ಯಾರ ಪಾಲು ಅನ್ನುವುದು ಅವರ ಕೈಯಲ್ಲಿತ್ತು. ಅವರನ್ನು ಬಿಟ್ಟರೆ ನಿಮ್ಮ ಬಳಿ ಉಳಿಯುವುದು ಬರೀ ನಿಧಿಶೋಧದ ಕತೆ. ಅದನ್ನು ಬರೆದವರು ಬೇಕಾದಷ್ಟಿದ್ದಾರೆ.

ಒಂದು ಕಡೆ ಅವರಿಗೆ ‘ಸೆಮಿನೋಲರು’ ಎಂದು ಹೆಸರು ಕೊಟ್ಟಿದ್ದೀರಿ, ಅದೂ ತಪ್ಪು. ನಿಮ್ಮ ಹಡಗುಗಳು ಒಡೆದ 1715ರಲ್ಲಿ ಆ ದಡದಲ್ಲಿ ಸೆಮಿನೋಲರು ಇರಲಿಲ್ಲ. ಅವರು ಉತ್ತರದ ಕ್ರೀಕ್ ಜನರಿಂದ ಕವಲೊಡೆದು ಫ್ಲಾರಿಡಾಕ್ಕೆ ಇಳಿದು ನೆಲೆಯೂರಿದ್ದು 18ನೇ ಶತಮಾನ ಮುಂದುವರಿದಂತೆ. ನಿಮ್ಮ ಹಡಗುಗಳು ಬಿದ್ದ ಜಾಗ, ಅಂದರೆ ಕೇಪ್ ಕೆನವೆರಲ್‌ನಿಂದ ದಕ್ಷಿಣಕ್ಕೆ ಇಂಡಿಯನ್ ರಿವರ್ ಹಿನ್ನೀರಿನ ಉದ್ದಕ್ಕೂ ಇದ್ದವರು ಆಯಿಸ್ ಜನ. ಅವರ ಕೆಳಗೆ ಜುಪಿಟರ್ ಅಳಿವೆಯ ಸುತ್ತ ಹೇಆಗಾ, ಮಯಾಮಿ ನದಿಯ ಬಾಯಲ್ಲಿ ತೆಕೆಸ್ತಾ, ಪಶ್ಚಿಮ ದಡದಲ್ಲಿ ಎಲ್ಲರಿಗಿಂತ ಬಲಶಾಲಿಗಳಾದ ಕಲೂಸಾ. ಈ ನಾಲ್ಕು ಹೆಸರು ಲೇಖನದ ಮೊದಲ ಪುಟದಲ್ಲೇ ಬರಲಿ, ‘ರೆಡ್ ಇಂಡಿಯನ್’ ಎಲ್ಲ ಕಡೆಯಿಂದಲೂ ಹೋಗಲಿ. 1715ರ ದುರಂತದ ಜಾಗವನ್ನು ಸ್ಪೇನಿನ ಕಾಗದಪತ್ರಗಳೇ ‘ಪಾಲ್ಮಾರ್ ದೆ ಆಯಿಸ್’ (ಆಯಿಸ್ ಜನರ ತಾಳೆತೋಪು) ಎಂದು ಕರೆಯುತ್ತವೆ. ನೀವು ಓದಿದ ಯಾವುದೋ ಇಂಗ್ಲಿಷ್ ಬರಹ ಅದನ್ನು ಕೈಬಿಟ್ಟಿರಬೇಕು.

ಇನ್ನು ತೆಂಗಿನ ಮರ. ಆಯಿಸ್ ಹಳ್ಳಿಯನ್ನು ತೆಂಗಿನ ತೋಪಿನ ನೆರಳಲ್ಲಿ ಕೂರಿಸಿದ್ದೀರಿ. ಕಡಲ ದಡ ಎಂದರೆ ನಮ್ಮವರ ಕಣ್ಣಿಗೆ ತೆಂಗು ಬಾರದೆ ಇರುವುದು ಕಷ್ಟವೇ. ಆದರೆ ಆ ದಡಕ್ಕೆ ತೆಂಗಿನ ಸಾಲು ಬಂದದ್ದು 1878ರ ಜನವರಿಯಲ್ಲಿ ‘ಪ್ರೊವಿಡೆನ್ಸಿಯಾ’ ಎಂಬ ಹಡಗು 20,000 ತೆಂಗಿನಕಾಯಿ ಹೊತ್ತು ಅಲ್ಲಿ ದಡ ಹತ್ತಿದ ಮೇಲೆ. ಅಲ್ಲಿದ್ದ ವಸತಿಗಾರರು ಆ ಕಾಯಿಗಳನ್ನು ನೆಟ್ಟರು, ಊರಿಗೆ ಪಾಮ್ ಬೀಚ್ ಎಂಬ ಹೆಸರು ಬಂತು. ಇದೂ ಸ್ಪ್ಯಾನಿಷ್ ಹಡಗೇ, ಬೇಕಿದ್ದರೆ ಒಂದು ಸಾಲಿನಲ್ಲಿ ಬಳಸಿಕೊಳ್ಳಿ. ಆಯಿಸ್ ಜನರಿಗಿದ್ದದ್ದು ಸೇಬಲ್ ತಾಳೆ, ಪಾಲ್ಮೆಟೊ ಪೊದೆ, ಸೀ ಗ್ರೇಪ್, ಕೊಕೊಪ್ಲಮ್. ಹಾಗೆಯೇ ನಿಮ್ಮ ‘ಮೆಕ್ಕೆಜೋಳದ ಹೊಲ’ವನ್ನೂ ತೆಗೆಯಿರಿ. ಅವರು ಬಿತ್ತುತ್ತಲೂ ಇರಲಿಲ್ಲ, ನೆಡುತ್ತಲೂ ಇರಲಿಲ್ಲ. ಮೀನು, ಚಿಪ್ಪು, ಕಾಡುಹಣ್ಣು, ಅಷ್ಟೇ. ಇದು ಬರೀ ವಿವರವಲ್ಲ. ಕಣಜವೇ ಇಲ್ಲದ ಊರಿಗೆ ನೂರಾರು ಜನ ಬಂದಿಳಿದರೆ ಏನಾಗುತ್ತದೆ? 1565ರ ಕೊನೆಗೆ ಫ್ಲಾರಿಡಾದ ಸ್ಪ್ಯಾನಿಷ್ ಗವರ್ನರ್ ಪೆದ್ರೊ ಮೆನೆಂದೆಸ್ ದೆ ಅವಿಲೆಸ್ ಆಯಿಸ್ ಅರಸನ ಬಳಿ ಸ್ನೇಹದಿಂದಲೇ ಬಂದು ಒಂದು ಸೇನಾತುಕಡಿಯನ್ನು ಬಿಟ್ಟುಹೋದ. ಸ್ನೇಹ ಮುರಿದು ಬಿದ್ದದ್ದು ಅನ್ನದ ವಿಷಯಕ್ಕೇ.

ಬಿರುಗಾಳಿಯ ಪುಟಗಳನ್ನು ಮುಟ್ಟಬೇಡಿ, ಚೆನ್ನಾಗಿವೆ. ಆದರೆ ಅದಕ್ಕೆ ಮುಂಚಿನ ಪ್ಯಾರಾ ತಲೆಕೆಳಗಾಗಿದೆ. ‘ಸ್ಪೇನಿನಿಂದ ಚಿನ್ನ ತುಂಬಿಕೊಂಡು ಹೊರಟ ಹಡಗುಗಳು’ ಎಂದಿದ್ದೀರಿ. ಸ್ಪೇನಿನಿಂದ ಹೋಗುತ್ತಿದ್ದದ್ದು ದ್ರಾಕ್ಷಾರಸ, ಎಣ್ಣೆ, ಬಟ್ಟೆ, ಬೆಳ್ಳಿ ಬೇರ್ಪಡಿಸಲು ಬೇಕಾದ ಪಾದರಸ. ಬೆಳ್ಳಿ ಬಂಗಾರ ವಾಪಸಾಗುವಾಗಿನ ಸರಕು. ಮೆಕ್ಸಿಕೊದ ವೆರಾಕ್ರೂಸ್‌ನ ಹಡಗುದಂಡು, ಇನ್ನೂ ದಕ್ಷಿಣದ ಕಾರ್ತಹೇನಾ-ಪೋರ್ತೊಬೆಲೊ ಬಂದರುಗಳ ಕಡೆಯ ದಂಡು ಕ್ಯೂಬಾದ ಹವಾನಾದಲ್ಲಿ ಕೂಡಿಕೊಂಡು, ಫ್ಲಾರಿಡಾಕ್ಕೂ ಬಹಾಮಾಕ್ಕೂ ನಡುವಿನ ಇಕ್ಕಟ್ಟಿನಲ್ಲಿ ಗಲ್ಫ್ ಸ್ಟ್ರೀಮ್ ಪ್ರವಾಹ ಹಿಡಿದು ಉತ್ತರಕ್ಕೆ ಏರಿ, ಆಮೇಲೆ ಪೂರ್ವಕ್ಕೆ ತಿರುಗುತ್ತಿದ್ದವು. ಆ ಇಕ್ಕಟ್ಟಿನಲ್ಲಿ ಪೂರ್ವದ ಕಡೆಯಿಂದ ಚಂಡಮಾರುತ ಎದ್ದರೆ ಚೌಕಪಟದ ಭಾರಿ ಹಡಗಿಗೆ ದಡದಿಂದ ದೂರ ಸರಿಯಲು ಆಗುವುದಿಲ್ಲ. 1715ರಲ್ಲಿ ಆದದ್ದು ಅದೇ. ದಂಡಿನ ನಾಯಕರಾದ ಹುವಾನ್ ಎಸ್ತೆಬಾನ್ ದೆ ಉಬಿಯಾ ಮತ್ತು ಅಂತೋನಿಯೊ ದೆ ಎಚೆವೆರ್ಸ್ ಅವರ ಹಡಗುಗಳು ತಡವಾಗಿ, ಚಂಡಮಾರುತದ ಕಾಲ ಶುರುವಾದ ಮೇಲೆ, ಜುಲೈ 24ಕ್ಕೆ ಹವಾನಾ ಬಿಟ್ಟವು. 30ರ ರಾತ್ರಿ ಕಳೆದು 31 ಬೆಳಗಾಗುವಷ್ಟರಲ್ಲಿ ಹನ್ನೊಂದೂ ಹೋಗಿದ್ದವು. ಸತ್ತವರು ಸುಮಾರು ಸಾವಿರ, ಉಬಿಯಾ ಅವರಲ್ಲೊಬ್ಬ. ಜೊತೆಗಿದ್ದ ಫ್ರೆಂಚ್ ಹಡಗು ‘ಗ್ರಿಫೊನ್’ ಒಂದೇ ಪಾರಾಯಿತು. ‘ವಿಧಿಯ ಆಟ’ ಎಂಬ ನಿಮ್ಮ ಎರಡು ಸಾಲಿನ ಜಾಗದಲ್ಲಿ ಈ ಕಾರಣ ಬರಲಿ.

ಕಡಲಡಿಯ ದೃಶ್ಯವಂತೂ ಸಿನಿಮಾದಿಂದ ಇಳಿದು ಬಂದಿದೆ. ಹರಿದ ಪಟ, ನೆಟ್ಟಗೆ ನಿಂತ ಪಟದ ಕಂಬ, ಕತ್ತಲ ಆಳದಲ್ಲಿ ಫಳಫಳ ಹೊಳೆಯುವ ಬೆಳ್ಳಿ. ಬೆಚ್ಚಗಿನ ಕಡಲಲ್ಲಿ ತೆರೆದು ಬಿದ್ದ ಮರವನ್ನು ಟೆರೆಡೊ ಎಂಬ ಕೊರೆಯುವ ಮೃದ್ವಂಗಿ ಬೇಗ ತಿಂದು ಮುಗಿಸುತ್ತದೆ. ಉಳಿಯುವುದು ಹಡಗು ಓಲಾಡದಂತೆ ತಳದಲ್ಲಿಡುವ ನಿಲುಭಾರದ ಕಲ್ಲುಗುಡ್ಡೆ, ಫಿರಂಗಿ, ಲಂಗರು, ಮರಳಿನಡಿ ಹೂತುಹೋದ ತಳದ ತೊಲೆಗಳು. ಬೆಳ್ಳಿ ಕಪ್ಪಾಗುತ್ತದೆ, ನಾಣ್ಯಗಳು ಒಂದಕ್ಕೊಂದು ಬೆಸೆದು ಗಟ್ಟಿ ಉಂಡೆಯಾಗುತ್ತವೆ. ಹೊಳಪು ಉಳಿಸಿಕೊಳ್ಳುವುದು ಚಿನ್ನ ಮಾತ್ರ. ಆಳದ ಮಾತೂ ಸುಳ್ಳು. ಫೋರ್ಟ್ ಪಿಯರ್ಸ್ ಬಳಿ ಬಿದ್ದಿರುವ 1715ರ ದಂಡಿನ ಹಡಗು ‘ಉರ್ಕಾ ದೆ ಲಿಮಾ’ ದಡದಿಂದ ಸುಮಾರು 200 ಮೀಟರ್ ದೂರದಲ್ಲಿ, ಮೂರರಿಂದ ಐದು ಮೀಟರ್ ನೀರಿನಲ್ಲಿದೆ. 1987ರಿಂದ ಅದು ಸಂರಕ್ಷಿತ ತಾಣ, ಸ್ನಾರ್ಕೆಲ್ ಹಾಕಿಕೊಂಡು ಈಜಿ ನೋಡಬಹುದು. ಇಷ್ಟು ಕಡಿಮೆ ನೀರು ಇದ್ದದ್ದರಿಂದಲೇ ಸ್ಪೇನಿನವರು ಮುಳುಗುಗಾರರನ್ನು ತಂದು ಬಹಳಷ್ಟು ಬೆಳ್ಳಿಯನ್ನು ಆಗಲೇ ಎತ್ತಿದರು. ಎತ್ತಿ ದಡದಲ್ಲಿ ರಾಶಿ ಹಾಕಿದ್ದರಿಂದಲೇ ಇಂಗ್ಲಿಷ್ ಕಡಲ್ಗಳ್ಳ ಹೆನ್ರಿ ಜೆನ್ನಿಂಗ್ಸ್‌ಗೆ ಅವರ ಶಿಬಿರವನ್ನು ದೋಚಲು ಸಾಧ್ಯವಾಯಿತು.

ಸರಕಿನ ಬೆಲೆಯನ್ನು ಇವತ್ತಿನ ಕೋಟಿ ರೂಪಾಯಿಗೆ ತಿರುಗಿಸಿದ ಪ್ಯಾರಾ ಪೂರ್ತಿ ಹೋಗಲಿ. ಆ ಲೆಕ್ಕಕ್ಕೆ ತಳವಿಲ್ಲ. ತೂಕ ಕೊಡಿ. ಎಂಟು ರಿಯಾಲ್‌ನ ಬೆಳ್ಳಿ ನಾಣ್ಯ, ಅಂದರೆ ಒಂದು ಪೆಸೊ, ಸುಮಾರು 27 ಗ್ರಾಂ, ಅಂದರೆ ಒಂದು ಲಕ್ಷ ಪೆಸೊಗೆ 2.7 ಟನ್. ಓದುಗರಿಗೆ ಅದು ಕೂಡಲೇ ಅರ್ಥವಾಗುತ್ತದೆ.

ಈಗ, ನೀವು ಬಿಟ್ಟ ಜನರ ವಿಷಯ. ನಿಮ್ಮ ಲೇಖನದಲ್ಲಿ ಎರ್ನಾಂದೊ ದೆ ಎಸ್ಕಲಾಂತೆ ಫೊಂತಾನೇದಾನಿಗೆ ಸಿಕ್ಕಿರುವುದು ಅರ್ಧ ವಾಕ್ಯ. ಅವನಿಗೆ ಒಂದು ಪುಟ ಕೊಡಿ. ಕಾರ್ತಹೇನಾದಲ್ಲಿ ಹುಟ್ಟಿದ ಹುಡುಗ, ಓದಲೆಂದು ಸ್ಪೇನಿಗೆ ಹೊರಟವನು, 1549ರ ಸುಮಾರಿಗೆ, ಹದಿಮೂರರ ಪ್ರಾಯದಲ್ಲಿ ಹಡಗು ಒಡೆದು ಕಲೂಸಾ ಅರಸನ ಕೈಗೆ ಸಿಕ್ಕ. ಹದಿನೇಳು ವರ್ಷ ಅಲ್ಲೇ ಬೆಳೆದ, ನಾಲ್ಕು ಭಾಷೆ ಕಲಿತ. 1566ರಲ್ಲಿ ಮೆನೆಂದೆಸ್ ಬಂದ ಮೇಲೆ ಹೊರಬಂದು, 1575ರ ಸುಮಾರಿಗೆ ನೆನಪಿನಿಂದ ಬರೆದಿಟ್ಟ. ಅದರಲ್ಲೊಂದು ಪ್ರಸಂಗವಿದೆ. ಒಡೆದ ಹಡಗಿನಿಂದ ಹೊಸದಾಗಿ ಸಿಕ್ಕ ಸೆರೆಯಾಳುಗಳಿಗೆ ‘ಹಾಡಿ, ಕುಣಿಯಿರಿ’ ಎಂದು ಅಪ್ಪಣೆಯಾಗುತ್ತಿತ್ತು. ಅವರು ಸುಮ್ಮನೆ ನಿಲ್ಲುತ್ತಿದ್ದರು. ಹಟಮಾರಿಗಳೆಂದು ಅವರನ್ನು ಕೊಂದುಬಿಡುತ್ತಿದ್ದರು. ಕೊನೆಗೆ ಅರಸನೇ ಕೇಳಿದ, ಇವರಿಗೆ ಸಾವಿನ ಭಯವಿಲ್ಲವೇ, ಯಾಕೆ ಮಾತು ಕೇಳುವುದಿಲ್ಲ ಎಂದು. ಫೊಂತಾನೇದಾ ಹೇಳಿದ: ಒಡೆಯಾ, ಅವರಿಗೆ ನಿಮ್ಮ ಮಾತು ತಿಳಿಯುವುದಿಲ್ಲ. ಅರಸ ಅದನ್ನು ಪರೀಕ್ಷಿಸಿ ನೋಡಿದ, ನಿಜವೆಂದು ಕಂಡ ಮೇಲೆ ಇನ್ನು ಮುಂದೆ ಬಂದವರಿಗೆ ಮೊದಲೇ ತಿಳಿಸಿ ಹೇಳಬೇಕೆಂದ. ನಿಮ್ಮ ‘ರಕ್ತಪಿಪಾಸು ಅನಾಗರಿಕರು’ ಎಂಬ ಪದಪುಂಜ ಈ ಪ್ರಸಂಗದ ಪಕ್ಕದಲ್ಲಿ ನಿಲ್ಲುವುದಿಲ್ಲ.

ಅದೇ ಬರಹದಲ್ಲಿ ನಿಮ್ಮ ‘ಕಳ್ಳತನ’ಕ್ಕೂ ಉತ್ತರವಿದೆ. ಆಯಿಸ್ ಮತ್ತು ಹೇಆಗಾ ಅರಸರು ನೆಲದ ಲೆಕ್ಕದಲ್ಲಿ ಬಡವರು, ಕಡಲಿನ ಲೆಕ್ಕದಲ್ಲಿ ಸಿರಿವಂತರು ಎನ್ನುವ ಅರ್ಥದ ಮಾತು ಅವನದು. ಪೂರ್ವ ದಡದಲ್ಲಿ ಸಿಕ್ಕ ಸಂಪತ್ತು ಕಲೂಸಾ ಅರಸನವರೆಗೂ ಹರಿದು ಪಾಲಾಗುತ್ತಿತ್ತು. ದಡಕ್ಕೆ ಬಂದ ಹಡಗಿನ ಮೇಲೆ ಆ ನೆಲದ ದೊರೆ ಹಕ್ಕು ಹೇಳುವುದು ಯುರೋಪಿನಲ್ಲೂ ಇದ್ದ ಪದ್ಧತಿ. ಫ್ಲಾರಿಡಾದಲ್ಲಿ ಬೆಳ್ಳಿಯ ಗಣಿಯೂ ಇಲ್ಲ, ಚಿನ್ನದ್ದೂ ಇಲ್ಲ. ಆದರೂ ಅಲ್ಲಿನ ದಿಬ್ಬಗಳಲ್ಲಿ, ಕರಗಿಸದೆ ಬರೀ ಬಡಿದು ತಟ್ಟಿ ಮಾಡಿದ ಚಿನ್ನ ಬೆಳ್ಳಿಯ ಪದಕಗಳು, ಮಣಿಗಳು ಸಿಕ್ಕಿವೆ. ಲೋಹ ಬಂದದ್ದು ಹಡಗಿನಿಂದ, ಆಕಾರ ಕೊಟ್ಟದ್ದು ಆ ಜನ. ನಾಣ್ಯದ ಫೋಟೊ ಬಿಟ್ಟು ಇಂಥದ್ದೊಂದರ ಫೋಟೊ ಹುಡುಕಿ.

ಜೊನಾಥನ್ ಡಿಕಿನ್ಸನ್‌ನನ್ನು ‘ಸ್ಪ್ಯಾನಿಷ್ ವರ್ತಕ’ ಎಂದಿದ್ದೀರಿ. ಅವನು ಇಂಗ್ಲಿಷ್ ಕ್ವೇಕರ್ (ಒಂದು ಕ್ರೈಸ್ತ ಪಂಥದವನು), 1696ರಲ್ಲಿ ಜಮೈಕಾದಿಂದ ಫಿಲಡೆಲ್ಫಿಯಾಕ್ಕೆ ಹೊರಟು ಆ ದಡದಲ್ಲಿ ಹಡಗು ಒಡೆದುಕೊಂಡವನು. ಇಲ್ಲಿ ಅದು ದೊಡ್ಡ ತಪ್ಪು, ಯಾಕೆಂದರೆ ಇಡೀ ಪ್ರಸಂಗ ನಿಂತಿರುವುದೇ ಅದರ ಮೇಲೆ. ಆ ದಡದವರಿಗೆ ಸ್ಪೇನಿನವರೊಂದಿಗೆ ಹೊಂದಾಣಿಕೆಯಿತ್ತು. 1605ರಲ್ಲೇ ಸ್ಪೇನಿನ ದೂತ ಆಲ್ವಾರೊ ಮೆಹಿಯಾ ಬಂದು ಆಯಿಸ್ ಜೊತೆ ಸ್ನೇಹ ಕುದುರಿಸಿದ್ದ, ಹಡಗು ಒಡೆದು ಬಂದವರನ್ನು ಒಪ್ಪಿಸಿದರೆ ಪ್ರತಿಫಲವಿತ್ತು. ಇಂಗ್ಲಿಷರೆಂದರೆ ಮಾತ್ರ ಆಗುತ್ತಿರಲಿಲ್ಲ. ಅದಕ್ಕೇ ಡಿಕಿನ್ಸನ್‌ನ ತಂಡ ತಾವು ಸ್ಪೇನಿನವರೆಂದು ನಟಿಸಿತು. ಹೋಬೆ ಎಂಬ ಹಳ್ಳಿಯ ಜನ ಅವರ ಸರಕು, ಬಟ್ಟೆ ಕಿತ್ತುಕೊಂಡರು. ಅದೇ ಹಳ್ಳಿಯಲ್ಲಿ ಅರಸನ ಹೆಂಡತಿ ತನ್ನ ಕೂಸನ್ನು ಇನ್ನೊಬ್ಬಳ ಕೈಗಿತ್ತು, ಡಿಕಿನ್ಸನ್‌ನ ಹಸುಗೂಸನ್ನು ಎತ್ತಿಕೊಂಡು ಮೊಲೆಯುಣಿಸಿದಳು. ತಾಯಿಗೆ ಇಷ್ಟವಿರಲಿಲ್ಲ, ಆಕೆ ಬಿಡಲಿಲ್ಲ. ಇವೆರಡನ್ನೂ ಒಟ್ಟಿಗೇ ಬರೆಯಿರಿ. ಕಿತ್ತುಕೊಂಡದ್ದನ್ನು ಮಾತ್ರ ಹೇಳಿದರೆ ಅದು ನಿಮ್ಮ ಈಗಿನ ಲೇಖನ. ಮೊಲೆಯುಣಿಸಿದ್ದನ್ನು ಮಾತ್ರ ಹೇಳಿದರೆ ಅದೂ ಇನ್ನೊಂದು ಸುಳ್ಳು.

ಡಿಕಿನ್ಸನ್ ಕಣ್ಣಿಗೆ ಬಿದ್ದ ಸಣ್ಣ ವಿವರಗಳನ್ನೂ ಬಿಡಬೇಡಿ. ಪಾಲ್ಮೆಟೊ ಹಣ್ಣು ಅವನ ತಂಡದವರ ಬಾಯಿಗೆ ತಂಬಾಕಿನ ರಸದಲ್ಲಿ ನೆನೆಸಿದ ಕೊಳೆತ ಚೀಸ್‌ನಂತೆ ಹತ್ತಿತು. ಆಯಿಸ್ ಅರಸನ ಬಳಿ ಸುಮಾರು ಐದು ಪೌಂಡ್ ಅಂಬರ್‌ಗ್ರಿಸ್ (ತಿಮಿಂಗಿಲದ ಹೊಟ್ಟೆಯಿಂದ ಬರುವ ಸುಗಂಧದ ವಸ್ತು) ಇತ್ತು. ಸ್ಪೇನಿನವರ ನೆಲೆಯಾದ ಸೇಂಟ್ ಆಗಸ್ಟೀನ್‌ಗೆ ಒಯ್ದರೆ ಒಂದು ಕನ್ನಡಿ, ಒಂದು ಕೊಡಲಿ, ಒಂದೆರಡು ಚಾಕು, ಒಂದಿಷ್ಟು ತಂಬಾಕು ಸಿಗುತ್ತದೆ ಎಂದು ಅವನು ಜಂಬ ಕೊಚ್ಚಿದ. ಯುರೋಪಿನ ಸುಗಂಧದ ವ್ಯಾಪಾರಿಗೆ ಅಂಬರ್‌ಗ್ರಿಸ್ ಎಷ್ಟು ದುಬಾರಿ ಎಂಬುದನ್ನು ಓದುಗರಿಗೆ ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗಿ, ವ್ಯಾಖ್ಯಾನ ಬೇಡ.

ತಾರೀಕಿನಲ್ಲೊಂದು ಬಲೆಯಿದೆ, ನೀವು ಅದರೊಳಗೆ ನೇರ ನಡೆದಿದ್ದೀರಿ. ಡಿಕಿನ್ಸನ್ ಇದ್ದ ಹಡಗು ‘ಜುಲೈ 1696ರಲ್ಲಿ’ ಒಡೆಯಿತು ಎಂದಿದ್ದೀರಿ. ಅವನ ದಿನಚರಿಯಲ್ಲಿರುವುದು ‘7ನೇ ತಿಂಗಳು’. ಕ್ವೇಕರರು ತಿಂಗಳಿಗೆ ಹೆಸರು ಹಾಕುತ್ತಿರಲಿಲ್ಲ, ಅವರ ಮೊದಲ ತಿಂಗಳು ಮಾರ್ಚ್, ಹಾಗಾಗಿ ಏಳನೆಯದು ಸೆಪ್ಟೆಂಬರ್. ಮೇಲಾಗಿ ಇಂಗ್ಲಿಷರು 1752ರವರೆಗೆ ಹಳೆಯ ಜೂಲಿಯನ್ ಪಂಚಾಂಗದಲ್ಲೇ ಇದ್ದರು, ಸ್ಪೇನ್ 1582ರಲ್ಲೇ ಬದಲಾಗಿತ್ತು. 17ನೇ ಶತಮಾನದಲ್ಲಿ ವ್ಯತ್ಯಾಸ ಹತ್ತು ದಿನ, 1700ರ ನಂತರ ಹನ್ನೊಂದು. ಸೆಪ್ಟೆಂಬರ್ ಕೊನೆಯ ಆ ಅವಘಡ ಸ್ಪೇನಿನ ಲೆಕ್ಕದಲ್ಲಿ ಅಕ್ಟೋಬರ್ ಮೊದಲ ವಾರ. ಆ ತಂಡ ಸುಮಾರು 370 ಕಿ.ಮೀ. ದಾಟಿ ಸೇಂಟ್ ಆಗಸ್ಟೀನ್ ಮುಟ್ಟಿದ್ದು ನವೆಂಬರ್ ನಡುವಿನಲ್ಲಿ. ದಾರಿಯಲ್ಲಿ ಕೆಲವರು ಚಳಿಗೆ ಸತ್ತರು. ನಿಮ್ಮ ಜುಲೈ ಇಟ್ಟುಕೊಂಡರೆ ಆ ಚಳಿ ಎಲ್ಲಿಂದ ಬಂತು?

‘ಕಾಲಗರ್ಭದಲ್ಲಿ ಮರೆಯಾದರು’ ಎಂಬ ಕೊನೆಯನ್ನು ಹೊಡೆದು ಹಾಕಿ. ಅವರು ತಾವಾಗಿ ಮರೆಯಾಗಲಿಲ್ಲ. ಸಿಡುಬಿನಂಥ ಹೊಸ ರೋಗಗಳು ಬಂದವು. 1702ರ ನಂತರ ಕೆರೊಲೈನಾದ ಇಂಗ್ಲಿಷರ ಬೆಂಬಲದಿಂದ ಕ್ರೀಕ್, ಯಮಾಸಿ ಪಡೆಗಳು ಗುಲಾಮರನ್ನು ಹಿಡಿಯಲು ದಕ್ಷಿಣದ ತುದಿಯವರೆಗೂ ನುಗ್ಗಿದವು. 1711ರಲ್ಲಿ ಸ್ಪೇನಿನವರು ಫ್ಲಾರಿಡಾದ ದಕ್ಷಿಣ ತುದಿಯ ಕೀಸ್ ದ್ವೀಪಗಳಿಂದ ಸುಮಾರು 270 ಮಂದಿಯನ್ನು ಹವಾನಾಕ್ಕೆ ಸಾಗಿಸಿದರು, ಅವರಲ್ಲಿ ಹೆಚ್ಚಿನವರು ಅಲ್ಲಿ ರೋಗಕ್ಕೆ ಬಲಿಯಾದರು. 1763ರಲ್ಲಿ ಸ್ಪೇನ್ ಫ್ಲಾರಿಡಾವನ್ನು ಬ್ರಿಟನ್ನಿಗೆ ಬಿಟ್ಟುಕೊಟ್ಟಾಗ ಉಳಿದಿದ್ದ ಕೆಲವರೂ ಕ್ಯೂಬಾಕ್ಕೆ ಹೋದರು. ಲೇಖನದ ಕೊನೆಯ ಪ್ಯಾರಾಕ್ಕೆ ಇಷ್ಟು ಸಾಕು, ವಿಷಾದದ ಮಾತು ಸೇರಿಸಬೇಡಿ.

ಮತ್ತೆ ಬರೆಯುವಾಗ ಕ್ರಮ ಬದಲಿಸಿ. ಫೊಂತಾನೇದಾನಿಂದ ಶುರುಮಾಡಿ, ಪಾಲು ಹಂಚಿಕೆಯ ವ್ಯವಸ್ಥೆಗೆ ಬನ್ನಿ, ಆಮೇಲೆ ಡಿಕಿನ್ಸನ್, ನಂತರ 1715ರ ಬಿರುಗಾಳಿ. ಆಗ ಬಿರುಗಾಳಿ ಯಾರ ದಡಕ್ಕೆ ಅಪ್ಪಳಿಸುತ್ತಿದೆ ಎಂದು ಓದುಗರಿಗೆ ಗೊತ್ತಿರುತ್ತದೆ. ಆಧುನಿಕ ನಿಧಿಶೋಧಕರ ಹನ್ನೆರಡು ಪ್ಯಾರಾಗಳನ್ನು ಒಂದಕ್ಕೆ ಇಳಿಸಿ. 1622ರಲ್ಲಿ ಮುಳುಗಿದ ‘ಅತೋಚಾ’ ಹಡಗು ಮತ್ತು 1985ರಲ್ಲಿ ನಿಧಿಶೋಧಕ ಮೆಲ್ ಫಿಶರ್ ಅದನ್ನು ಕಂಡದ್ದು ಕೀಸ್ ದ್ವೀಪಗಳ ಕತೆ, ಬೇರೆ ಲೇಖನಕ್ಕಿರಲಿ. ಪ್ರತಿ ಮಾಹಿತಿಯ ಹತ್ತಿರ ಅದನ್ನು ಯಾರು ಹೇಳಿದ್ದು, ಕಣ್ಣಾರೆ ಕಂಡದ್ದೋ ಕೇಳಿದ್ದೋ ಎಂಬುದು ವಾಕ್ಯದೊಳಗೇ ಬರಲಿ. ಫೊಂತಾನೇದಾ ಬಿಡುಗಡೆಯಾಗಿ ಸುಮಾರು ಒಂಬತ್ತು ವರ್ಷದ ಮೇಲೆ ಬರೆದವನು. ದೂರ, ಸಂಖ್ಯೆಗಳ ವಿಷಯದಲ್ಲಿ ಅವನ ಮೇಲೆ ಪೂರ್ತಿ ಭಾರ ಹಾಕಬೇಡಿ. ಆಯಿಸ್ ಜನರೇ ಬರೆದಿಟ್ಟದ್ದು ಯಾವುದೂ ಇಲ್ಲ, ಇರುವುದೆಲ್ಲ ಹೊರಗಿನವರ ಕಣ್ಣು. ಅದನ್ನು ಒಮ್ಮೆ ಸ್ಪಷ್ಟವಾಗಿ ಹೇಳಿ, ಮತ್ತೆ ಮತ್ತೆ ಬೇಡ.

2,200 ಪದ ಮೀರದಿರಲಿ. ಜೊತೆಗೆ ಕೆನವೆರಲ್‌ನಿಂದ ಕೀಸ್‌ವರೆಗಿನ ನಕಾಶೆ ಬೇಕು. ಅದರಲ್ಲಿ ಹಡಗು ಬಿದ್ದ ಜಾಗಗಳಿಗಿಂತ ಮೊದಲು ಆಯಿಸ್, ಹೇಆಗಾ, ತೆಕೆಸ್ತಾ, ಕಲೂಸಾ ನೆಲೆಗಳನ್ನು ಗುರುತಿಸಿ. ಕೈಯಲ್ಲಿ ಬರೆದದ್ದಾದರೂ ಸರಿ, ನಮ್ಮ ಕಲಾವಿದರು ತಿದ್ದಿಕೊಳ್ಳುತ್ತಾರೆ.